ನಿಜ್ವಾ ಕೋಟೆಯಿಂದ ಕಾಣದ ಸಮುದ್ರ

ನನ್ನ ಶಾಂತಕ್ಕಾ,

ನಿನ್ನನ್ನು ಮಸ್ಕತ್‌ನಲ್ಲೇ ದಹನ ಮಾಡಿ ತಿಂಗಳಾದ ಮೇಲೆ, ನಿನ್ನ ಸಾಮಾನು ತರಲು ಹೋಗಿದ್ದೆ. ಎರಡು ಸೀರೆ, ಒಂದು ಶಾಲು, ಕೂದಲು ಸಿಕ್ಕಿಕೊಂಡಿದ್ದ ಬಾಚಣಿಗೆ. ಆರು ವರ್ಷ ಪರರ ಮನೆಯಲ್ಲಿ ಅಡುಗೆ ಮಾಡಿದವಳದು ಇಷ್ಟೇನಾ? ವಿಮಾನಕ್ಕೆ ಇನ್ನೂ ಒಂದು ದಿನವಿತ್ತು. ರಜೆಯ ಶುಕ್ರವಾರಗಳಲ್ಲಿ ನೀನು ಹೋಗುತ್ತಿದ್ದ ನಿಜ್ವಾ ಕೋಟೆ ನೋಡೋಣವೆಂದು ಪ್ರವಾಸಿಗರ ವ್ಯಾನು ಹತ್ತಿದೆ.

ಫೋನಿನಲ್ಲಿ ಹೇಳುತ್ತಿದ್ದೆಯಲ್ಲ, "ಕ್ವಾಟಿ ಮ್ಯಾಲ ನಿಂತ್ರ ಸಮುದ್ರ ಕಾಣತೈತವ್ವಾ. ತೆರಿ ಬಂದು ಗ್ವಾಡಿಗೆ ಬಡೀತಾವು" ಅಂತ. ಇಲ್ಲಿ ಸವಣೂರಿನಲ್ಲಿ ಅವ್ವ ವೀಳ್ಯದೆಲೆ ಜೋಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ವ್ಯಾನು ಎರಡು ತಾಸು ಬೆಟ್ಟಗಳ ನಡುವೆ ಓಡಿತು. ಹಸಿರು ಕಡ್ಡಿಯಿಲ್ಲದ, ಸುಟ್ಟ ಇಟ್ಟಿಗೆಯಂಥ ಬೆಟ್ಟಗಳು. ಹಿಂದಿ ಬಲ್ಲ ಗೈಡ್ ಸಲೀಂ, ಶತ್ರುಗಳ ಮೇಲೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದ ಕಿಂಡಿ ತೋರಿಸಿದ. ಕತ್ತಲೆಯ ಮೆಟ್ಟಿಲು ಹತ್ತಿ ಬುರುಜಿನ ಮೇಲೆ ನಿಂತೆ. ಸುತ್ತ ಖರ್ಜೂರದ ತೋಟ, ಅದರಾಚೆ ಮತ್ತೆ ಬೆಟ್ಟ. ಸಮುದ್ರ ಎಲ್ಲಿ ಎಂದು ಕೇಳಿದೆ.

"ಅದು ಬೆಳಿಗ್ಗೆಯೇ ಮಸ್ಕತ್‌ನಲ್ಲಿ ಹಿಂದೆ ಉಳಿಯಿತಲ್ಲಮ್ಮಾ" ಅಂದ.

ಅಲ್ಲೇ ಕುಳಿತುಬಿಟ್ಟೆ. ಮುಂದಿನ ಎರಡು ಕೋಟೆಗಳಲ್ಲಿ ವ್ಯಾನಿನಿಂದ ಇಳಿಯಲೇ ಇಲ್ಲ. ಹಾಗಾದರೆ ನೀನು ನೋಡಿದ್ದು...

ಸಂಜೆ, ನೀನು ದುಡಿದ ಮನೆಯ ಅಡುಗೆಮನೆಯಲ್ಲಿ ಅದು ಕಂಡಿತು. ಒಲೆಯ ಎದುರಿನ ಗೋಡೆಗೆ ಹಳೆಯ ಕ್ಯಾಲೆಂಡರ್, ಅದರಲ್ಲಿ ಸಮುದ್ರದಂಚಿನ ಕೋಟೆಯ ಚಿತ್ರ. ನೀನು ಶುಕ್ರವಾರ ಕೋಟೆಗೆ ಹೋಗುತ್ತಿದ್ದೆಯಾ ಎಂದು ಮನೆಯೊಡತಿಯನ್ನು ಕೇಳಿದೆ. ಶುಕ್ರವಾರ ನೆಂಟರು ಹೆಚ್ಚು, ಶಾಂತಾಳಿಗೆ ಎಂದೂ ಬಿಡುವಿರಲಿಲ್ಲ ಅಂದಳು.

ಊರಿಗೆ ಬಂದಾಗ ಅವ್ವ ಚಹಾ ಕೊಟ್ಟು, "ಕ್ವಾಟಿ ನೋಡಿದ್ಯಾ? ಸಮುದ್ರ ಕಂಡ್ತಾ?" ಎಂದು ಕೇಳಿದಳು.

"ಹೂಂ ಅವ್ವಾ, ಅಕ್ಕ ಹೇಳಿದಂಗನ ಐತಿ."

ಮತ್ತೇನು ಹೇಳಲಿ, ಅಕ್ಕಾ? ಆದರೆ ನಿನಗೆ ಗೊತ್ತಿಲ್ಲದ್ದು ಇದು: ಅವ್ವ ನನ್ನ ತಲೆ ಸವರಿ ನಿಧಾನವಾಗಿ ಅಂದಳು:

"ಸುಮ್ನಿರವಾ. ಆಕಿ ಎಲ್ಲೂ ಹೋಗಿಲ್ಲಂತ ನನಗ ಮೊದಲಿಂದನ ಗೊತ್ತಿತ್ತು. ಸಂತಿಗೆ ಹೋಗಿ ಬಂದ್ರನ ಮೊಣಕಾಲು ನೋವಂತ ಅಳಾಕಿ, ಕ್ವಾಟಿ ಅಷ್ಟು ಮೆಟ್ಟಲಾ ಹತ್ತಿ ಒಮ್ಮೆನೂ ನೋವಂತ ಅನಲಿಲ್ಲ. ಆದ್ರ ಹೇಳೂಮುಂದ ಆಕಿ ದನಿ ಖುಷಿಯಾಗಿರ್ತಿತ್ತು. ಅದಕ್ಕ, 'ಮತ್ತೇನ ಕಂಡ್ತು ಹೇಳವಾ' ಅಂತ ಕೇಳ್ತಿದ್ನಿ."