ಯಾರೂ ಬರಲ್ಲ ಎಂದ ಹುಲ್ಲುಗಾವಲು

ಐತ್ ವಾಸಿಫ್ ಊರು, ಅಟ್ಲಾಸ್ ಬೆಟ್ಟ
ಏಪ್ರಿಲ್ ಹನ್ನೊಂದು

ಮುದ್ದು ಮೊಮ್ಮಗ ಜೈದ್‌ಗೆ,

ಚಳಿಗಾಲಕ್ಕೆಂದು ಕುರಿ ಹೊಡೆದುಕೊಂಡು ಬಯಲಿಗೆ ಇಳಿದವನು ಐದು ತಿಂಗಳಾದರೂ ಅಜ್ಜಿಗೊಂದು ಸಾಲು ಬರೆಯಲಿಲ್ಲ. ಕುರಿಗಳ ಜೊತೆ ಇದ್ದು ಇದ್ದು ನಿನಗೂ ಅಕ್ಷರ ಮರೆತುಹೋಯಿತೇನೋ? ಫೋನಿನಲ್ಲಿ ಮಾತಾಡಿದೆನಲ್ಲ ಎನ್ನಬೇಡ. ಅದರಲ್ಲಿ ಕೇಳಿಸಿದ್ದು ನಿನಗಿಂತ ಕುರಿಗಳ ಮಾತೇ ಹೆಚ್ಚು. ಎದೆಯ ಕೆಮ್ಮು ಹೋಯಿತೆ? ಆ ಕುಂಟು ಟಗರು ಬದುಕಿದೆಯೆ? ನನ್ನ ಮೊಣಕಾಲು ಬಿಟ್ಟರೆ ಇಲ್ಲಿ ಎಲ್ಲ ನೆಟ್ಟಗಿದೆ. ನಿನ್ನಮ್ಮ ಬಾರ್ಲಿ ರೊಟ್ಟಿಯನ್ನು ಈಗಲೂ ಬೇಯಿಸುವುದಿಲ್ಲ, ಕರಕಲು ಮಾಡುತ್ತಾಳೆ.

ಈಗ ಸುದ್ದಿ ಕೇಳು. ನೀನು ಹೊರಡುವಾಗ ಗಾಳಿಮಾತಾಗಿದ್ದದ್ದು ಈಗ ಕಾಗದವಾಗಿ ಬಂದಿದೆ. ರಾಷ್ಟ್ರೀಯ ಉದ್ಯಾನದ ಗಡಿ ಹಿಗ್ಗಿಸಲು ರಾಜಧಾನಿಯಲ್ಲಿ ಕಾಯಿದೆ ತಯಾರಾಗುತ್ತಿದೆಯಂತೆ. ನಕ್ಷೆಯನ್ನು ಇಲ್ಲಿ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಹಸಿರು ಗೆರೆ ದೇವದಾರು ಕಾಡನ್ನು ದಾಟಿ ಬಂದು ನಮ್ಮ ಅಗ್ದಾಲ್ ಹುಲ್ಲುಗಾವಲನ್ನೂ ನುಂಗಿದೆ. ಅದರ ಮೇಲೆ 'ಬಳಕೆಯಲ್ಲಿಲ್ಲದ ಭೂಮಿ' ಎಂದು ಬರೆದಿದೆ. ಹುಲ್ಲು ಬೆಳೆಯಲೆಂದು ವಸಂತದಲ್ಲಿ ಮುಚ್ಚಿಟ್ಟು, ಜುಲೈಯಲ್ಲಿ ಎಲ್ಲರ ಮಂದೆಗಳನ್ನೂ ಒಂದೇ ದಿನ ಒಳಗೆ ಬಿಡುವ ಜಾಗಕ್ಕೆ ಈ ಹೆಸರು. ಉದ್ಯಾನದ ಕೋತಿಗಳಿಗೂ ಕಾಡು ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಕಾಯಿದೆ ಹೀಗೇ ಪಾಸಾದರೆ ನಿನ್ನ ಇನ್ನೂರು ಕುರಿ ಬೇಸಿಗೆಗೆ ಏನು ತಿನ್ನಬೇಕು, ನಕ್ಷೆಯನ್ನೆ? ತಕರಾರು ಹೇಳಲು ಮೇ ಕೊನೆಯವರೆಗೆ ಗಡುವಿದೆ.

ಊರವರಿಗೆ ಬಯ್ಯಲು ಒಬ್ಬ ಸಿಕ್ಕಿದ್ದಾನೆ: ಅಗ್ದಾಲ್ ಕಾಯುವ ಹಮ್ಮು. ಹೋದ ವಸಂತದಲ್ಲಿ ಸರ್ಕಾರದ ಅಳತೆಯವರನ್ನು ಮೇಲಕ್ಕೆ ಕರೆದೊಯ್ದವನು ಅವನೇ ತಾನೆ. ಹೊರಡುವ ದಿನ ಮಸೀದಿಯ ಮುಂದೆ ನೀನೂ ಅವನನ್ನು ಕೇಳಿದೆಯಲ್ಲ, "ಹುಲ್ಲನ್ನ ಎಷ್ಟಕ್ಕೆ ಮಾರ್ದೆಯೋ ಮುದುಕಾ?" ಅವನು ಹೇಳಿದ್ದು ಇಷ್ಟೇ, "ಕುರಿ ಜೋಪಾನ, ಮಗಾ." ಆಮೇಲೆ ಅವನಿಗೆ ಯಾರೂ ಸಲಾಮು ಹೇಳುತ್ತಿಲ್ಲ. ಕಾವಲಿನ ಕೋಲನ್ನು ಹಿರಿಯರ ಮುಂದಿಟ್ಟು ಮನೆ ಸೇರಿದ್ದಾನೆ. ಆದರೂ ಶುಕ್ರವಾರ ಬಂದರೆ ನನ್ನ ಬಾಗಿಲಲ್ಲಿ ಒಂದು ಹೊರೆ ಸೌದೆ ಇಟ್ಟುಹೋಗುವುದನ್ನು ಬಿಟ್ಟಿಲ್ಲ. ಆ ಸೌದೆ ಉರಿಯುವಾಗ ನಾನು ಒಲೆಯ ಮುಂದೆ ಕೂರಲಾರೆ.

ನಿನ್ನ ಮಂದೆ ಹೆಚ್ಚಲಿ, ನಿನ್ನ ಕಂಬಳಿಯ ವಾಸನೆಗೇ ತೋಳ ಓಡಿಹೋಗಲಿ.

ನಿನ್ನ ಅಜ್ಜಿ,
ತೂದಾ

ಮರೆತಿದ್ದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಗ್ದಾಲನ್ನು ಕಳೆದವಳು ನಾನು. ಆ ದಿನ ನಾನು ಪಕ್ಕದಲ್ಲೇ ಸೊಪ್ಪು ಕೊಯ್ಯುತ್ತಿದ್ದೆ. ಇಲ್ಲಿಗೆ ಯಾರು ಬರುತ್ತಾರೆ ಎಂದು ನಮ್ಮ ಭಾಷೆ ಬಾರದ ಅಳತೆಯವರು ಅರಬ್ಬಿಯಲ್ಲಿ ಹಮ್ಮುವನ್ನು ಕೇಳಿದರು. ಅವನು ತಡವರಿಸಿದ. ನಾನು ಎರಡು ವರ್ಷ ಶಾಲೆಗೆ ಹೋದವಳಲ್ಲವೆ, ಜಂಭ ತಡೆಯಲಿಲ್ಲ. "ನೀ ಸುಮ್ನಿರೋ, ನಿನ್ನ ಅರಬ್ಬಿ ಕೇಳಿದ್ರೆ ಕತ್ತೇನೂ ನಗುತ್ತೆ" ಎಂದು ಅವನ ಬಾಯಿ ಮುಚ್ಚಿಸಿ ನಾನೇ ಹೇಳಿದೆ: "ಇದು ನಿಷೇಧದ ಜಾಗ ಸಾಹೇಬ್ರೆ, ಯಾರೂ ಬರಲ್ಲ." ಜುಲೈ ತನಕ ಎನ್ನಬೇಕಿತ್ತು. ಆ 'ತನಕ'ಕ್ಕೆ ಅರಬ್ಬಿ ಪದ ನೆನಪಾಗಲಿಲ್ಲ, ಬಿಟ್ಟುಬಿಟ್ಟೆ. ಅವರು ಬರೆದುಕೊಂಡರು. ಹಮ್ಮು ನನ್ನ ಮುಖ ನೋಡಿದ, ಅಷ್ಟೇ. ಇವತ್ತಿನವರೆಗೂ ಅವನು ಬಾಯಿ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ. ಮೇ ತಿಂಗಳಲ್ಲಿ ಕಚೇರಿಗೆ ಹೋಗಿ ಊರವರೆದುರು ಆ ಪದವನ್ನು ಸೇರಿಸಿ ಹೇಳುತ್ತೇನೆ, ಕಲಿತುಕೊಂಡಿದ್ದೇನೆ. ಅಷ್ಟರೊಳಗೆ ನೀನು ಉತ್ತರ ಬರೆ, ನನಗಲ್ಲ, ಮಸೀದಿಯ ಮುಂದೆ ನೀನು ಹಂಗಿಸಿದ ಹಮ್ಮುವಿಗೆ. ಅವನಿಗೆ ಓದಲು ಬಾರದು, ಓದಿ ಹೇಳಬೇಕಾದವಳು ನಾನೇ. ಅದನ್ನು ನೆನಪಿಟ್ಟು ಬರೆ, ಮೇ ಹುಟ್ಟುವ ಮೊದಲೇ ಕಳಿಸು.