ನಮ್ಮ ಮನೆಯ ಉಷ್ಣ

ಬಳ್ಳಾರಿ, 2131ನೆಯ ಇಸವಿ, ಮೂರನೇ ಬೇಸಿಗೆಯ ಹನ್ನೊಂದನೆಯ ದಿನ

ಹಂಪಮ್ಮಜ್ಜಿಗೆ,

ನಾನು ನಿನ್ನ ಮರಿಮಗಳ ಮಗಳು, ನೀಲಾಂಬಿಕೆ. ನೀನು ತೀರಿಹೋಗಿ ಎಷ್ಟೋ ಕಾಲವಾಯಿತು. ಈ ಕಾಗದ ತಲುಪುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ಕಾಲದ ಮಾತು ವಿಚಿತ್ರ ಎನಿಸಿದರೆ ಮನ್ನಿಸು. ಈಗ ವರ್ಷಕ್ಕೆ ಮೂರು ಬೇಸಿಗೆ. ಬೆಳಿಗ್ಗೆ ಒಂಬತ್ತಕ್ಕೆ ನೆರಳುಗಂಟೆ ಹೊಡೆದರೆ ಊರೆಲ್ಲ ಒಳಗೆ ಸೇರಬೇಕು, ಸಂಜೆ ಏಳರವರೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಹೊರಗೆ ಹೋಗಲೇಬೇಕಾದವರು ನೀರಂಗಿ ತೊಡುತ್ತಾರೆ. ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಯುವ ಅಂಗಿ ಅದು. ಆ ನೀರು ಮುಗಿದರೆ ನಮ್ಮನ್ನು ಕಾಯುವುದು ನಮ್ಮ ಬೆವರೊಂದೇ.

ನಿನ್ನ ಫೋನಿನ ಒಂದು ವಿಡಿಯೊ ಇನ್ನೂ ಮನೆಯಲ್ಲಿದೆ. ತೊಡೆಯ ಮೇಲೆ ನಿನ್ನ ಮಗ ಎರ್ರಿಸ್ವಾಮಿ. ತೆಳ್ಳನೆಯ ಕೂದಲು, ಒಣ ಚರ್ಮ, ಬಾಯಲ್ಲಿ ನಾಲ್ಕೇ ಚೂಪು ಹಲ್ಲು. ಪಕ್ಕದ ಮನೆಯಾಕೆ ಏನೋ ಕೇಳುತ್ತಾಳೆ. ನೀನು ಸೆರಗಿನಿಂದ ಅವನ ಬಾಯಿ ಮುಚ್ಚಿ, “ಏನಿಲ್ಲ ಬಿಡವ್ವಾ, ಇವ್ನಿಗೆ ಉಷ್ಣ ಜಾಸ್ತಿ ಐತಿ, ಅಷ್ಟೇ” ಎನ್ನುತ್ತೀಯ. ಮನೆತನದ ಕಾಯಿಲೆ ಎಂದು ಗೊತ್ತಾದರೆ ಹೆಣ್ಣುಮಕ್ಕಳ ಮದುವೆ ನಿಂತುಹೋದೀತೆಂಬ ಭಯ ನಿನಗೆ. ಅಂದಿನಿಂದ ಮನೆಯಲ್ಲಿ ಅಂಥ ಗಂಡುಮಗು ಹುಟ್ಟಿದಾಗಲೆಲ್ಲ ಅದೇ ಮಾತು, ನೆತ್ತಿಗೆ ಅದೇ ಹರಳೆಣ್ಣೆ, ಅದೇ ಕಾಮಕಸ್ತೂರಿ ನೀರು. ನನ್ನ ಸೋದರಮಾವನಿಗೂ ಅದನ್ನೇ ಮಾಡಿದರು.

ನಾನು ಆರು ತಿಂಗಳ ಬಸುರಿಯಾಗಿದ್ದಾಗ ಡಾಕ್ಟರಮ್ಮ ಕೇಳಿದ್ದರು, ನಿಮ್ಮ ಮನೆಯಲ್ಲಿ ಬೆವರದವರು, ಹಲ್ಲು ಬಾರದವರು ಯಾರಾದರೂ ಇದ್ದರೇ ಎಂದು. ಇದ್ದರೆ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಒಂದು ಸೂಜಿಮದ್ದು ಕೊಡುತ್ತಾರೆ. ಹುಟ್ಟಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಮಾವನ ನೆನಪಾಗಿಯೂ ನಾನು ನಗುತ್ತಾ, “ಇಲ್ಲ ಮೇಡಂ, ನಮ್ಮ ಗಂಡಸರಿಗೆ ಸ್ವಲ್ಪ ಉಷ್ಣ, ಅಷ್ಟೇ” ಎಂದೆ. ಅವರೂ ನಕ್ಕರು.

ನೀನಾದರೂ ತಿಳಿದು ಮುಚ್ಚಿಟ್ಟೆ. ನಾನು ಅದೇ ನಿಜವೆಂದು ನಂಬಿದ್ದೆ.

ನನ್ನ ಮಗ ಪಂಪುವಿಗೆ ನಾಲ್ಕು ವರ್ಷವಾಗಿತ್ತು. ಹೋದ ಬೇಸಿಗೆ, ಬೆಳಗಿನ ಶಾಲೆ ಬಿಡುವುದು ತಡವಾಗಿ, ನೆರಳುಗಂಟೆಯ ನಂತರ ಮನೆಗೆ ಬರುವ ದಾರಿಯಲ್ಲಿ ಮಕ್ಕಳ ನೀರಂಗಿಗಳ ನೀರು ಮುಗಿಯಿತು. ಬೇರೆ ಮಕ್ಕಳು ಬೆವರಿ ತೊಪ್ಪೆಯಾಗಿ ಮನೆ ಸೇರಿದರು. ಪಂಪು ಸೇರಲಿಲ್ಲ. ಅವನ ಮೈ ಮುಟ್ಟಿದಾಗ ಕಾದ ಹೆಂಚಿನಂತಿತ್ತು, ಒಂದು ಹನಿ ಬೆವರಿರಲಿಲ್ಲ, ಉಸಿರೂ ಇರಲಿಲ್ಲ.

ಅಜ್ಜಿ, ನಿನ್ನ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲಿದೆ.

ಈಗ ನನ್ನ ತಂಗಿ ಆರು ತಿಂಗಳ ಬಸುರಿ. ನಿನ್ನೆ ಡಾಕ್ಟರಮ್ಮ ಅದನ್ನೇ ಕೇಳಿದಾಗ ನಾನೇ ಮುಂದಾಗಿ ಎರ್ರಿಸ್ವಾಮಿಯಿಂದ ಪಂಪುವಿನವರೆಗೆ ಎಲ್ಲರ ಹೆಸರು ಹೇಳಿದೆ. ಸೂಜಿಮದ್ದು ಕೊಟ್ಟರು. ಇನ್ನು ಹುಟ್ಟಲಿರುವ ಆ ಮಗು ಬೆವರುತ್ತದೆ. ಮುಂದೆ ಅದು ಆಡಿ ಬಂದಾಗ ಕತ್ತು ಒದ್ದೆಯಾಗಿರುತ್ತದೆ. ಅದನ್ನು ಒರೆಸಲು ನನ್ನನ್ನು ಕರೆಯಬೇಡ ಎಂದು ತಂಗಿಗೆ ಹೇಳಬೇಕು, ಬಾಯಿ ಬರುತ್ತಿಲ್ಲ.