ನಾಕಾದ ಮೇಲೆ ಐದು

ಚಿಕ್ಕಪೇಟೆ, ತುಮಕೂರು
14-9-1986, ಭಾನುವಾರ

ಪ್ರೀತಿಯ ತಮ್ಮ ರಾಮಾಂಜಿಗೆ,

ಹೇಗಿದ್ದೀಯಪ್ಪ? ಭಿಲಾಯಿಯ ಬಿಸಿಲು ಮೈಗೆ ಒಗ್ಗಿತೆ? ಎದೆಯುರಿ ಕಡಿಮೆಯಾಯಿತೆ? ಬೆಳಿಗ್ಗೆ ಬರೀ ಟೀ ಕುಡಿದು ಕಾರ್ಖಾನೆಗೆ ಓಡಬೇಡ. ಹಸಿದ ಹೊಟ್ಟೆ, ಹರಿದ ಬಟ್ಟೆ, ಎರಡನ್ನೂ ಬಹಳ ಹೊತ್ತು ಮುಚ್ಚಿಡಲಾಗುವುದಿಲ್ಲ. ಅಕ್ಕ ಇನ್ನೂ ಪ್ರಾಸ ಬಿಟ್ಟಿಲ್ಲ ಎಂದು ನಗುತ್ತಿರುತ್ತೀಯ. ಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು ಮನೆಗೆ ಬಂದರೆ ನನ್ನ ಮಾತಿಗೆ ಎದುರಾಡುವುದು ಅದೊಂದೇ. ನಾನು ಚೆನ್ನಾಗಿದ್ದೇನೆ. ಒಬ್ಬಳಿಗೆ ಆಗುವಷ್ಟು ಸಾರು ಮಾಡುವ ಅಳತೆ ಮಾತ್ರ, ನೀನು ಹೋಗಿ ನಾಲ್ಕು ವರ್ಷವಾದರೂ ಕೈಗೆ ಹತ್ತಿಲ್ಲ.

ಈಗ ಸುದ್ದಿ. ನಿಮ್ಮ ‘ಗುಡುಗು’ ಬ್ಯಾಂಡಿನ ಹಾಡುಗಳನ್ನೆಲ್ಲ ಒಂದೇ ಕ್ಯಾಸೆಟ್ಟಿಗೆ ಸೇರಿಸುತ್ತಿದ್ದೇನೆ. ವರ್ಷ ತುಂಬುವ ಮೊದಲೇ ನಿಂತುಹೋದ ಬ್ಯಾಂಡಿಗೆ ಇಷ್ಟು ಮರ್ಯಾದೆ ಯಾಕೆ ಎನ್ನಬೇಡ. ಯುಗಾದಿ ಕಳೆದ ಮೇಲೆ ಗುಬ್ಬಿಗೆ ಹೋಗಿದ್ದೆ, ಕೆಂಪನ ಅಮ್ಮ ಸಿದ್ದಲಕ್ಷ್ಮಮ್ಮನನ್ನು ನೋಡಿಕೊಂಡು ಬರೋಣವೆಂದು. ಕಾಮಾಲೆ ಅವನನ್ನು ಕರೆದುಕೊಂಡು ಹೋದಾಗಿನಿಂದ ಆಕೆ ಹೊರಗೆ ಬರುವುದೇ ಕಡಿಮೆ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯೂ ದಿನೇ ದಿನೇ ಮಂದವಾಗುತ್ತಿದೆ. ಕೈ ಹಿಡಿದುಕೊಂಡು, “ಟೀಚರಮ್ಮ, ಅವನ ಫೋಟೋ ಐತೆ. ಮಾತು ಮರ್ತೋಯ್ತಾ ಐತೆ ಕಣವ್ವ. ಕಿವಿ ಮುಚ್ಕಳೋದ್ರೊಳಗೆ ಒಂದ್ಸಲ ಕೇಳ್ಬೇಕು” ಎಂದರು. ಕೆಂಪ ಹಾಡಿದವನಲ್ಲ, ಡ್ರಮ್ ಬಾರಿಸಿದವನು. ಆದರೆ ಪ್ರತಿ ಹಾಡಿಗೂ ಮೊದಲು ಕಡ್ಡಿ ತಟ್ಟಿ ನಿಮಗೆಲ್ಲ ಎಣಿಸಿ ಕೊಡುತ್ತಿದ್ದನಲ್ಲ, ಅದು ನನಗೆ ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾಯಿತು.

ಸೀದಾ ಖುರ್ಷಿದ್ ಪಾಷಾ ಅವರ ಮೈಕ್ ಸೆಟ್ ಅಂಗಡಿಗೆ ಹೋದೆ. ಅವರು ತಲೆ ಕೆರೆದುಕೊಂಡರು. ಬೆಳಿಗ್ಗೆ ಮದುವೆಮನೆಯಲ್ಲಿ ಓಲಗ, ಮಂತ್ರ, ಹಸೆಹಾಡು ತುಂಬಿಸಿ ತಂದ ಟೇಪಿನಲ್ಲಿ ಉಳಿದ ಬಾಲಕ್ಕೆ ಸಂಜೆ ನಿಮ್ಮ ಗುಡುಗನ್ನು ತುಂಬಿಸುತ್ತಿದ್ದರಂತೆ. ಮಾರನೆಯ ದಿನ ಅದೇ ಟೇಪು ಮದುವೆಯವರ ಕೈಗೆ. “ಯಾರೂ ಕೊನೇವರ್ಗೂ ಕೇಳಲ್ಲ ಅನ್ಕಂಡೆ ಕಣಕ್ಕ” ಎಂದರು. ಹೀಗೆ ನಿಮ್ಮ ಹಾಡುಗಳೆಲ್ಲ ಯಾರ್ಯಾರದೋ ಮಾಂಗಲ್ಯಧಾರಣೆಯ ಬೆನ್ನಿಗೆ ಅಂಟಿಕೊಂಡು ಜಿಲ್ಲೆಯ ತುಂಬ ಸಂಸಾರ ಮಾಡುತ್ತಿವೆ. ಅಂದಿನಿಂದ ನನ್ನ ಭಾನುವಾರಗಳು ಅದಕ್ಕೇ ಮೀಸಲು. ಮನೆ ಹುಡುಕಿ ಹೋಗಿ, “ನಿಮ್ಮ ಮದುವೆ ಟೇಪು ಒಂದು ವಾರಕ್ಕೆ ಕೊಡಿ” ಎಂದು ಕೇಳುವುದು, ಪಾಷಾ ಹತ್ತಿರ ಕಾಪಿ ಮಾಡಿಸಿ ತಿರುಗಿ ಕೊಡುವುದು. ನನ್ನ ಮದುವೆಯಂತೂ ಆಗಲಿಲ್ಲ. ಊರವರ ಮದುವೆಗಳಿಗೆಲ್ಲ ಕರೆಯದಿದ್ದರೂ, ನಾಲ್ಕೈದು ವರ್ಷ ತಡವಾಗಿ ಹೋಗಿ, ಕಾಫಿ ಕುಡಿದು ಬರುತ್ತಿದ್ದೇನೆ. ಕೆಲವರು ಅಕ್ಷತೆಯ ಬದಲು ಅನುಮಾನದ ನೋಟ ಎರಚುತ್ತಾರೆ. ಕುಣಿಗಲ್ಲಿನ ರಂಗಮ್ಮ ಎಂಬಾಕೆ ಮಾತ್ರ ಕೊಡಲು ಒಪ್ಪಲೇ ಇಲ್ಲ. “ಮೊದ್ಲು ಸಿಡ್ಲು ಹೊಡ್ದಂಗೈತೆ ಅಂತ ಆಫ್ ಮಾಡ್ತಿದ್ವಿ. ಈಗ ಅದ್ನ ಹಾಕಿದ್ರೇನೇ ನಮ್ ಮಗೀಗೆ ತುತ್ತು ಇಳಿಯೋದು. ಒಂದ್ ವಾರ ಉಪಾಸ ಕೆಡುವ್ಲಾ?” ಎಂದಳು. ಪಾಷಾ ತಮ್ಮ ಸೆಟ್ಟನ್ನೇ ಅಲ್ಲಿಗೆ ಹೊತ್ತುಕೊಂಡು ಬರಬೇಕಾಯಿತು. ಮಗು ತಟ್ಟೆ ಮುಂದೆ ಕೂತು ತಲೆ ಆಡಿಸುತ್ತಿತ್ತು. ನಾನು ಬರೆದುಕೊಟ್ಟ ಹಾಡೇ ಕಣೋ, ‘ಗುಬ್ಬಿ ಗೇಟು ಹಾಕಿದ್ರೆ ಲೇಟು, ನಿಂತಿರೋನ್ಗೆ ಎಲ್ಲೈತೆ ಸೀಟು’. ನಿನ್ನ ಗಿಟಾರಿನ ಆರ್ಭಟದಲ್ಲಿ ನನ್ನ ಪ್ರಾಸ ಒಂದೂ ಕೇಳಿಸುವುದಿಲ್ಲ. ಕೆಂಪನ ಎಣಿಕೆ ಮಾತ್ರ ಸ್ಪಷ್ಟ.

ಒಂದು ಬಿಟ್ಟು ಎಲ್ಲ ಸಿಕ್ಕಿದ ಮೇಲೆ, ಹೋದ ಭಾನುವಾರ ಗುಬ್ಬಿಗೆ ಒಯ್ದೆ. ಪಾಷಾ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಕೊಟ್ಟಿದ್ದರು. ಅದನ್ನು ಸಿದ್ದಲಕ್ಷ್ಮಮ್ಮನ ಸೆರಗಿನ ಮೇಲೆಯೇ ಕೂರಿಸಿ ಟೇಪು ಹಾಕಿದೆ. ‘ಒಂದ್, ಎಲ್ಡ್, ಮೂರ್, ನಾಕ್.’ ಆಮೇಲೆ ನಿಮ್ಮ ಗುಡುಗು. ಹಾಡು ಶುರುವಾದ ಕೂಡಲೇ ಕೈಸನ್ನೆ ಮಾಡುತ್ತಾರೆ, ಹಿಂದಕ್ಕೆ ತಿರುಗಿಸು ಅಂತ. ಮತ್ತೆ ‘ಒಂದ್, ಎಲ್ಡ್’. ಪ್ರತಿ ಹಾಡಿಗೂ ಹೀಗೇ. ಅಳಲಿಲ್ಲ. ಬಿಸಿ ಅನ್ನ ಬಾಯಲ್ಲಿಟ್ಟುಕೊಂಡವರ ಹಾಗೆ ಕೂತಿದ್ದರು. ಕೊನೆಗೆ ಹೆಡ್‌ಫೋನ್ ತೆಗೆದು, ಸ್ವಲ್ಪ ಮುನಿಸಿನಿಂದಲೇ, “ನಾಕಕ್ಕೇ ನಿಲ್ಲುಸ್ಬುಡ್ತಾನಲ್ಲವ್ವ. ನಾಕಾದ್ಮೇಲೆ ಐದು ಅನ್ನಾಕೇನ್ ಬಂದಿತ್ತು ಅವನ್ಗೆ?” ಎಂದರು. ಕನ್ನಡ ಬಿ.ಎ. ಮಾಡಿದವಳು, ಮಾತಿಗೊಂದು ಪ್ರಾಸ ಕಟ್ಟುವವಳು, ನಾನು ಟೇಪು ಆಫ್ ಮಾಡಿ ಎದ್ದೆ. ಅಡುಗೆಮನೆಗೆ ಹೋಗಿ ಅವರಿಗೂ ನನಗೂ ಟೀ ಕಾಯಿಸಿದೆ. ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸಿದೆ. ಮನೆಯ ಬೀಗ ತೆಗೆಯುವಾಗಲೂ ಅದನ್ನೇ.

ನಿನ್ನನ್ನು ಯಾರೂ ಏನೂ ಅಂದಿಲ್ಲ, ರಾಮಾಂಜಿ. ಕೆಂಪನನ್ನು ಮಣ್ಣು ಮಾಡಿ ಬಂದವನು ಗಿಟಾರನ್ನು ಅಟ್ಟಕ್ಕೆ ಹಾಕಿ ರೈಲು ಹತ್ತಿದೆ. ಕೆಂಪನಿಲ್ಲದ ಬೀದಿ ನೋಡಲಾರೆ ಅಂದೆ, ಸರಿ ಅಂದುಕೊಂಡೆ. ಗಿಟಾರಿನ ಧೂಳು ಆಗಾಗ ಒರೆಸುತ್ತೇನೆ. ಕೈ ತಗುಲಿದರೆ ಒಂದು ತಂತಿ ‘ಞೊಂಯ್’ ಅನ್ನುತ್ತದೆ. ಅಷ್ಟರಮಟ್ಟಿಗೆ ಮನೆಯಲ್ಲಿ ಇನ್ನೊಬ್ಬರಿದ್ದ ಹಾಗೆ.

ಆರೋಗ್ಯ ನೋಡಿಕೋ. ಪಾಷಾ ಸಲಾಂ ಹೇಳಿದ್ದಾರೆ. ದೇವರು ನಿನಗೆ ಒಳ್ಳೆಯ ನಿದ್ದೆ ಕೊಡಲಿ, ಎದ್ದಮೇಲೆ ಒಳ್ಳೆಯ ತಿಂಡಿ ಕೊಡಲಿ.

ನಿನ್ನ ಅಕ್ಕ,
ಮಹಾಲಕ್ಷ್ಮಮ್ಮ

ತಾ.ಕ.: ಲಕೋಟೆಗೆ ಅಂಟು ಹಾಕುವ ಮುಂಚೆ ಪಾಷಾ ಓಡಿ ಬಂದರು, ಈಗಷ್ಟೇ ನೆನಪಾಯಿತು ಎಂದು. ಸಿಗದೆ ಉಳಿದ ಆ ಒಂದು ಟೇಪು ದೇವರಾಯನದುರ್ಗದ ಮದುವೆಯದಂತೆ. ಅವರು ಒಯ್ಯಲು ಬರಲೇ ಇಲ್ಲವಾಗಿ ನೀನೇ ಇಟ್ಟುಕೊಂಡೆಯಂತೆ. ಅದರಲ್ಲಿ ನಿನ್ನ ತಂತಿ ಕಿತ್ತುಹೋಗಿ ನೀನು ಶುರು ಮಾಡದೆ, ಕೆಂಪ ಐದು, ಆರು, ಏಳು ಅಂತ ಎಣಿಸುತ್ತಲೇ ಹೋಗಿ, “ಶುರು ಮಾಡ್ಲಾ, ನಮ್ಮವ್ವ ಊಟಕ್ ಕಾಯ್ತಾವ್ಳೆ” ಎಂದು ಬೈದದ್ದು ಹಾಗೇ ಇದೆಯಂತೆ. ಸಿದ್ದಲಕ್ಷ್ಮಮ್ಮನಿಗೆ ನಾನಿನ್ನೂ ಹೇಳಿಲ್ಲ. ಪೋಸ್ಟಿನಲ್ಲಿ ಕಳಿಸಬೇಡ, ಟೇಪು ಮುರಿದುಹೋಗುತ್ತದೆ. ಕೈಯಲ್ಲೇ ತಗೊಂಡು ಬಾ. ದೀಪಾವಳಿಗೆ ಬರುತ್ತೇನೆ ಎನ್ನಬೇಡ, ಆ ಎಡಗಿವಿ ಅಷ್ಟು ದಿನ ಕಾಯುವುದಿಲ್ಲ. ಸಾರು ಹೇಗೂ ಇಬ್ಬರಿಗಾಗುವಷ್ಟು ಇರುತ್ತದೆ.